ಟ್ರಕ್ಕಿಗೊಂದು ಹದ

ಕೆಲವು ಸುಖಗಳು ಬಲಗಾಲಿಗೆ ಮಾತ್ರ ಗೊತ್ತು. ಆಕ್ಸಿಲರೇಟರನ್ನು ಕಾಲು ಇಂಚು ಒತ್ತಿದರೆ ಗಾಡಿ ಅದಕ್ಕೆ ತಕ್ಕಷ್ಟೇ ಮುಂದೆ ಬರಬೇಕು. ಒತ್ತಿದ್ದಕ್ಕೂ ಬಂದದ್ದಕ್ಕೂ ನಡುವೆ ಮೀನಮೇಷ ಇರಬಾರದು. ಪೆಡಲಿನಿಂದ ಥ್ರಾಟಲ್‌ವರೆಗೆ ಕೇಬಲ್ ಇದ್ದ ಕಾಲದಲ್ಲಿ ಇದೊಂದು ವಿಶೇಷವೇ ಆಗಿರಲಿಲ್ಲ. ಈಗಿನ ಅಮೆರಿಕನ್ ಪಿಕಪ್ ಟ್ರಕ್ಕಿನಲ್ಲಿ ಪೆಡಲ್ ಮಾಡುವುದು ಅರ್ಜಿ ಗುಜರಾಯಿಸುವ ಕೆಲಸ. ಕಾಲು ಇಷ್ಟು ಒತ್ತಿದೆ, ಆದ್ದರಿಂದ ಇಷ್ಟು ಟಾರ್ಕ್ ದಯಪಾಲಿಸಬೇಕು ಎಂಬ ಅರ್ಜಿ. ಕಂಪ್ಯೂಟರ್ ಅದನ್ನು ಓದುತ್ತದೆ, ಗೇರ್‌ಬಾಕ್ಸಿನ ಅಭಿಪ್ರಾಯ ಕೇಳುತ್ತದೆ, ಬಿಸಿ ಎಷ್ಟಿದೆ ನೋಡುತ್ತದೆ, ಕೊನೆಗೆ ಕೇಳಿದ್ದರಲ್ಲಿ ಒಂದಷ್ಟು ಕಡಿತ ಮಾಡಿ ಮಂಜೂರು ಮಾಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೂ ಕಾಲಿಗೆ ಅದು ತಿಳಿದೇ ತಿಳಿಯುತ್ತದೆ.

ಈ ಮೀನಮೇಷವನ್ನು ಕಳೆಯುವ ಸಾಧನವೇ ಅಂಗೈಯಲ್ಲಿ ಹಿಡಿಯುವ ಎಂಜಿನ್ ಟ್ಯೂನರ್. ನೋಡಲು ಅಂಥ ಚೆಲುವೇನೂ ಇಲ್ಲ. ಜೇಬಿಗೆ ಹಿಡಿಸುವ ಗಾತ್ರ, ಪುಟ್ಟದೊಂದು ಬಣ್ಣದ ಪರದೆ, ನಾಲ್ಕಾರು ಗುಂಡಿ, ಒಂದು ದಪ್ಪ ಕೇಬಲ್. ಕೇಬಲಿನ ತುದಿಯಲ್ಲಿ 16 ಪಿನ್ನಿನ ಪ್ಲಗ್. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಬಳಿ, ಅದಕ್ಕೆ ತಕ್ಕ ಸಾಕೆಟ್ ಇರುತ್ತದೆ: ಒಬಿಡಿ-2. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಈಚೆಗೆ ಕಾರು, ಲಘು ಟ್ರಕ್ಕುಗಳಲ್ಲೆಲ್ಲ ಇದು ಕಡ್ಡಾಯ. ಸರ್ಕಾರ ಈ ಬಾಗಿಲು ಇಡಿಸಿದ್ದು ಹೊಗೆಯ ಲೆಕ್ಕ ಕೇಳುವುದಕ್ಕೆ; ಹವ್ಯಾಸಿಗಳು ಅದೇ ಬಾಗಿಲಿನಿಂದ ಒಳಗೆ ಹೊಕ್ಕರು. ಅದಕ್ಕೂ ಹಿಂದೆ ಎಂಜಿನ್ ಕಂಪ್ಯೂಟರಿನ ಡಬ್ಬ ಬಿಚ್ಚಿ, ಇದ್ದ ಚಿಪ್ ಕಿತ್ತು ಬೇರೆಯದನ್ನು ಕೂರಿಸಬೇಕಿತ್ತು. ಹಳಬರು ಇವತ್ತಿಗೂ ‘ಚಿಪ್ ಹಾಕಿಸಿದ್ದೀಯಾ?’ ಎಂದೇ ಕೇಳುತ್ತಾರೆ.

ಹಾಗಾದರೆ ಫ್ಯಾಕ್ಟರಿಯವರು ದಡ್ಡರೇ? ಖಂಡಿತ ಅಲ್ಲ. ಅವರ ಕಷ್ಟ ದೊಡ್ಡದು. ಒಂದೇ ಟ್ರಕ್ ಅರಿಜೋನಾದ ಬಿಸಿಲಲ್ಲೂ ಮಿನೆಸೋಟಾದ ಹಿಮದಲ್ಲೂ ಓಡಬೇಕು. ಅಗ್ಗದ 87 ಆಕ್ಟೇನ್ ಪೆಟ್ರೋಲ್ ಕುಡಿದೂ ಕೆಮ್ಮಬಾರದು. ಒಬ್ಬರ ಕೈಯಲ್ಲಿ ತರಕಾರಿ ತರಬೇಕು, ಇನ್ನೊಬ್ಬರ ಕೈಯಲ್ಲಿ ನಾಲ್ಕೈದು ಟನ್ನಿನ ಟ್ರೈಲರ್ ಎಳೆಯಬೇಕು. ಮೈಲೇಜಿನ ಸರ್ಕಾರಿ ಪರೀಕ್ಷೆಯಲ್ಲಿ ಪಾಸಾಗಬೇಕು. ವಾರಂಟಿ ಮುಗಿಯುವತನಕ ಗೇರ್‌ಬಾಕ್ಸ್ ಬಾಯಿ ತೆರೆಯಬಾರದು. ಇವರೆಲ್ಲರಿಗೂ ಒಪ್ಪುವ ಒಂದು ನಡುದಾರಿ ಹುಡುಕುವವರು ಕ್ಯಾಲಿಬ್ರೇಷನ್ ಎಂಜಿನಿಯರುಗಳು. ಬಾಷ್‌ನ ಸಾಫ್ಟ್‌ವೇರ್ ಶಾಖೆ ಇರುವ ಬೆಂಗಳೂರಿನಲ್ಲಿ ಈ ಬಗೆಯ ಕೆಲಸದಲ್ಲಿ ತೊಡಗಿರುವ ಕನ್ನಡದ ಹುಡುಗ ಹುಡುಗಿಯರು ಬಹಳ ಮಂದಿ ಇದ್ದಾರೆ; ಅವರಿಗೆ ನಾನು ಹೇಳುತ್ತಿರುವುದು ಹೊಸದೇನಲ್ಲ. ಲಕ್ಷಾಂತರ ಜನಕ್ಕೆ ಹೊಲಿದ ಅಂಗಿಯನ್ನು ಒಬ್ಬನ ಮೈಗೆ ತಕ್ಕ ಹಾಗೆ ಬಿಗಿ ಮಾಡಿಕೊಳ್ಳುವುದಷ್ಟೇ ಟ್ಯೂನರ್ ಕೆಲಸ. ಹೊಲಿದವರನ್ನು ಬೈಯುವ ಅಗತ್ಯವಿಲ್ಲ.

ನಾನು ಟೆಕ್ಸಾಸ್‌ನಲ್ಲಿ ಓಡಿಸುವುದು 2016ರ ಫೋರ್ಡ್ ಎಫ್-150. ಐದು ಲೀಟರಿನ ವಿ8, ಹವ್ಯಾಸಿಗಳ ಬಾಯಲ್ಲಿ ‘ಕೊಯೋಟಿ’. 385 ಅಶ್ವಶಕ್ತಿ, 387 ಪೌಂಡ್-ಅಡಿ ಟಾರ್ಕ್, ಆರು ಗೇರಿನ 6ಆರ್80 ಆಟೊಮ್ಯಾಟಿಕ್. ಜರ್ಮನಿಯ ಝಡ್‌ಎಫ್ ಕಂಪನಿಯ ವಿನ್ಯಾಸವನ್ನು ಆಧರಿಸಿ ಫೋರ್ಡ್ ಕಟ್ಟಿದ ಗೇರ್‌ಬಾಕ್ಸ್ ಅದು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ವೇದಿಕೆಯ ಸಾಮಾನು ಸಾಗಿಸುವ ದಿನ ಎಲ್ಲರಿಗೂ ಥಟ್ಟನೆ ನೆನಪಾಗುವುದು ಇಂಥ ಗಾಡಿ ಇಟ್ಟುಕೊಂಡವನೇ. ಉಳಿದ ದಿನಗಳಲ್ಲಿ ಅದು ಸುಮ್ಮನೆ ಆಫೀಸಿಗೆ ಹೋಗಿ ಬರುತ್ತದೆ. ಟ್ಯೂನ್ ಮಾಡಿದರೆ ಏನು ಬದಲಾಗುತ್ತದೆ ಎಂದು ತಿಳಿಯಲು ರೇಸ್ ಟ್ರ್ಯಾಕ್ ಬೇಕಿಲ್ಲ. ಆಫೀಸಿನ ದಾರಿಯೇ ಸಾಕು.

ನಲವತ್ತೈದು ಮೈಲಿ ವೇಗದ ರಸ್ತೆಯನ್ನೇ ನೋಡಿ. ನಮ್ಮ ಲೆಕ್ಕದಲ್ಲಿ ಗಂಟೆಗೆ 72 ಕಿಲೋಮೀಟರ್. ಫ್ಯಾಕ್ಟರಿ ಸಾಫ್ಟ್‌ವೇರಿಗೆ ಆರನೇ ಗೇರ್ ಮೇಲೆ ಎಲ್ಲಿಲ್ಲದ ಪ್ರೀತಿ. ಸಾಧ್ಯವಾದಷ್ಟು ಬೇಗ ಅಲ್ಲಿಗೆ ಹೋಗಿ ಕೂತರೆ ಪೆಟ್ರೋಲ್ ಉಳಿಯುತ್ತದಲ್ಲ. 3.55ರ ಆ್ಯಕ್ಸಲ್ ಇರುವ ನನ್ನ ಗಾಡಿಯಲ್ಲಿ ಆ ವೇಗಕ್ಕೆ ಆರನೇ ಗೇರಿನಲ್ಲಿ ಎಂಜಿನ್ ತಿರುಗುವುದು ಸುಮಾರು 1,150 ಆರ್‌ಪಿಎಂನಲ್ಲಿ. ಅಷ್ಟು ದೊಡ್ಡ ವಿ8 ಆ ವೇಗದಲ್ಲಿ ಅರೆನಿದ್ದೆಯಲ್ಲಿರುತ್ತದೆ. ಮುಂದೆ ಸಣ್ಣದೊಂದು ಏರು ಬಂತು, ಕಾಲು ಸ್ವಲ್ಪ ಒತ್ತಿತು, ಉತ್ತರವಿಲ್ಲ. ಇನ್ನಷ್ಟು ಒತ್ತಿದರೆ ಗೇರ್‌ಬಾಕ್ಸ್ ಗಾಬರಿಯಿಂದ ಎರಡು ಗೇರ್ ಇಳಿಸಿ ಎಂಜಿನ್ ಕೂಗಿಸುತ್ತದೆ. ಏರು ಮುಗಿಯುವ ಮುಂಚೆಯೇ ಮತ್ತೆ ಆರಕ್ಕೆ ಓಡುತ್ತದೆ. ಓಡಿಸುವವನು ಒಂದು ಕೇಳಿದರೆ ಗಾಡಿ ಇನ್ನೊಂದು ಕೊಡುತ್ತದೆ.

ಟ್ಯೂನರಿನಿಂದ ಎಂಜಿನ್ ಕಂಪ್ಯೂಟರಿಗೆ ಒಳ್ಳೆಯದೊಂದು ಸಾಫ್ಟ್‌ವೇರ್ ಫೈಲ್ ಹಾಕಿದ ಮೇಲೆ ಅದೇ ರಸ್ತೆಯಲ್ಲಿ ಗೇರ್‌ಬಾಕ್ಸ್ ಐದನೆಯದನ್ನೇ ಹಿಡಿದು ನಿಲ್ಲುತ್ತದೆ. ಎಂಜಿನ್ 1,450ರ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ಮುನ್ನೂರು ಆರ್‌ಪಿಎಂ ಎಂದರೆ ಕಾಗದದ ಮೇಲೆ ಏನೂ ಅಲ್ಲ. ಕಾಲಿನ ಕೆಳಗೆ ಅದು ಬೇರೆಯೇ ಲೋಕ. ಏರು ಬಂದಾಗ ಟಾರ್ಕ್ ಕನ್ವರ್ಟರ್ ಬೀಗ ಬಿಡದೆ, ಗೇರ್ ಇಳಿಸದೆ, ಗಾಡಿ ಇದ್ದಲ್ಲಿಂದಲೇ ಎದೆ ಸೆಟೆಸಿ ಹತ್ತುತ್ತದೆ. ಸ್ಯಾನ್ ಆಂಟೋನಿಯೋದಿಂದ ಪಶ್ಚಿಮಕ್ಕೆ ಐ-10 ಹಿಡಿದು ಕರ್‌ವಿಲ್ ದಾಟಿದರೆ ಸುಣ್ಣಕಲ್ಲಿನ ಗುಡ್ಡಗಳನ್ನು ಸೀಳಿ ಹೋಗುವ ರಸ್ತೆ. ಚಾರ್ಮಾಡಿ, ಶಿರಾಡಿ ಕಂಡವರಿಗೆ ಅದು ಘಾಟಿ ಅನ್ನಿಸಲಿಕ್ಕಿಲ್ಲ. ಆದರೆ ಉದ್ದುದ್ದ ಏರುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಅಲ್ಲಿ ಕ್ರೂಸ್ ಕಂಟ್ರೋಲ್ ಹಾಕಿಕೊಂಡು, ಸ್ಟಿರಿಯೋ ಆರಿಸಿ, ಗೇರ್‌ಬಾಕ್ಸ್ ಯಾವಾಗ ಏನು ಮಾಡುತ್ತದೆ ಎಂದು ಕಿವಿಗೊಟ್ಟು ಕೂರುವುದರಲ್ಲಿ ಒಂದು ರುಚಿಯಿದೆ. ಸುಮ್ಮನಿರಬೇಕಾದಲ್ಲಿ ಸುಮ್ಮನಿರುವ ಗೇರ್‌ಬಾಕ್ಸಿನಷ್ಟು ನೆಮ್ಮದಿ ಕೊಡುವ ಯಂತ್ರ ಇನ್ನೊಂದಿಲ್ಲ.

ಗೇರ್ ಬದಲಾಗುವ ಕ್ಷಣವನ್ನೂ ಸವಿಯಬೇಕು. ಕಂಪನಿಯ ಸಾಫ್ಟ್‌ವೇರಿನಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಕಂಪ್ಯೂಟರ್ ಒಂದಿಷ್ಟು ಹೊತ್ತು ಸ್ಪಾರ್ಕನ್ನು ಹಿಂದಕ್ಕೆ ಸರಿಸಿ ಎಂಜಿನ್ ದಮ್ಮು ತಗ್ಗಿಸುತ್ತದೆ. ಒಂದು ಕ್ಲಚ್ ಬಿಡುತ್ತಾ ಇನ್ನೊಂದು ಹಿಡಿಯುತ್ತಾ ಇರುವಾಗ ಪ್ರಯಾಣಿಕರಿಗೆ ಕಾಫಿ ಚೆಲ್ಲಬಾರದು ಎಂಬ ಕಾಳಜಿ ಅದು. ಟ್ಯೂನ್ ಮಾಡುವವನು ಈ ತಗ್ಗುವಿಕೆಯನ್ನು ಕಡಿಮೆ ಮಾಡುತ್ತಾನೆ, ಎಣ್ಣೆಯ ಒತ್ತಡ ಏರಿಸುತ್ತಾನೆ. ಆಗ ಗೇರ್ ‘ಟಕ್’ ಎಂದು ಕೂರುತ್ತದೆ. ಇಲ್ಲೇ ಹದ ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ವ್ಯತ್ಯಾಸ ಕಾಣುವುದು. ಪ್ರತಿ ಗೇರಿಗೂ ಬೆನ್ನಿಗೆ ಗುದ್ದುವ ಫೈಲುಗಳಿವೆ; ಮೊದಲ ವಾರ ಖುಷಿ, ಎರಡನೇ ವಾರ ಹೆಂಡತಿಯ ಗೊಣಗಾಟ, ಮೂರನೇ ವಾರ ನಮಗೇ ಬೇಸರ. ಒಳ್ಳೆಯ ಫೈಲ್ ನಿಧಾನ ಓಡಿಸುವಾಗ ರೇಷ್ಮೆ. ಕಾಲು ಪೂರ್ತಿ ಇಟ್ಟಾಗ ಮಾತ್ರ ಬಿಗಿ.

ಇನ್ನು ಅಶ್ವಶಕ್ತಿಯ ಮಾತು. ಟ್ಯೂನರಿನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಅದೇ, ನನ್ನ ಮಟ್ಟಿಗೆ ಅತಿ ಕಡಿಮೆ ಸ್ವಾರಸ್ಯದ ಸಂಗತಿಯೂ ಅದೇ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಬರೀ ಸಾಫ್ಟ್‌ವೇರ್ ಬದಲಿಸಿ ದೊಡ್ಡ ಶಕ್ತಿ ಹುಟ್ಟಿಸಲು ಬರುವುದಿಲ್ಲ. ಒಳಗೆ ಹೋಗುವ ಗಾಳಿ ಇದ್ದಷ್ಟೇ. ಹೆಚ್ಚೆಂದರೆ ಸ್ಪಾರ್ಕನ್ನು ಒಂದೆರಡು ಡಿಗ್ರಿ ಮುಂದಕ್ಕೆ ತರಬಹುದು, ಮಿಶ್ರಣವನ್ನು ಕೊಂಚ ತಿದ್ದಬಹುದು. ಫೋರ್ಡ್‌ನ 3.5 ಲೀಟರ್ ಇಕೊಬೂಸ್ಟ್ ಕಥೆ ಬೇರೆ. ಅದರಲ್ಲಿ ಎರಡು ಟರ್ಬೊ. ಬೂಸ್ಟ್ ಏರಿಸಿದರೆ ಗಾಳಿಯೇ ಹೆಚ್ಚು ಹೋಗುತ್ತದೆ, ನಡುವೇಗದ ಟಾರ್ಕ್ ನಿಜಕ್ಕೂ ಉಕ್ಕಿಬರುತ್ತದೆ. ಅದರ ಬೆಲೆಯಾಗಿ ಸ್ಪಾರ್ಕ್ ಪ್ಲಗ್ಗಿನ ಸಂದನ್ನು ಕಿರಿದು ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಹೆಚ್ಚಿದ ಒತ್ತಡದಲ್ಲಿ ಕಿಡಿ ಆರಿಹೋಗುತ್ತದೆ. ಅಗ್ಗದ ಫೈಲುಗಳ ಗುಟ್ಟೂ ಒಂದಿದೆ. ಪೆಡಲಿನ ನಕ್ಷೆಯನ್ನಷ್ಟೇ ಬದಲಿಸಿ, ಅದನ್ನು ಕಾಲುಭಾಗ ಒತ್ತಿದಾಗ ಅರ್ಧ ಥ್ರಾಟಲ್ ತೆರೆದುಬಿಟ್ಟರೆ ಗಾಡಿ ಹುಲಿಯಾದ ಹಾಗೆ ತೋರುತ್ತದೆ. ಪೂರ್ತಿ ಒತ್ತಿ ನೋಡಿ: ಮೊದಲಿದ್ದಷ್ಟೇ.

ಸ್ಪಾರ್ಕಿನ ವಿಷಯ ಬಂದಾಗ ಆಕ್ಟೇನ್ ಬರಲೇಬೇಕು. ಅಮೆರಿಕದ ಬಂಕಿನ 91 ಮತ್ತು ಭಾರತದ ಬಂಕಿನ 91 ಒಂದೇ ಅಲ್ಲ. ಭಾರತದಲ್ಲಿ ಹೇಳುವುದು ಆರ್‌ಒಎನ್. ಅಮೆರಿಕದಲ್ಲಿ ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಅಳತೆಗಳ ಸರಾಸರಿ. ಊರಿನ 91 ಇಲ್ಲಿ ಸುಮಾರು 87. ಆಕ್ಟೇನ್ ಹೆಚ್ಚಿದ ಪೆಟ್ರೋಲಿಗೆ ಶಕ್ತಿ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ, ಅದಕ್ಕಿರುವುದು ತಾಳ್ಮೆ. ಒತ್ತಡ, ಬಿಸಿ ಏರಿದರೂ ಕಿಡಿ ಬೀಳುವವರೆಗೆ ಅದು ತಾನಾಗಿ ಸಿಡಿಯುವುದಿಲ್ಲ. ಆ ತಾಳ್ಮೆ ಇದ್ದರೆ ಕಿಡಿಯನ್ನು ಇನ್ನೂ ಮುಂಚೆ ಹೊತ್ತಿಸಬಹುದು, ಪಿಸ್ಟನ್ ಮೇಲೆ ಬೀಳುವ ತಳ್ಳು ಸರಿಯಾದ ಗಳಿಗೆಗೆ ಬರುತ್ತದೆ. ತಾಳ್ಮೆಗೆಟ್ಟರೆ ನಾಕಿಂಗ್. ವಿ8ರ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ನಾಕ್ ಸೆನ್ಸರುಗಳು ಎಂಜಿನ್ನಿನ ಲೋಹಕ್ಕೆ ಕಿವಿಯಿಟ್ಟು ಕೂತಿರುತ್ತವೆ. ಸಿಡಿತದ ಕಂಪನ ಕೇಳಿದ ತಕ್ಷಣ ಕಂಪ್ಯೂಟರ್ ಸ್ಪಾರ್ಕನ್ನು ಹಿಂದಕ್ಕೆಳೆಯುತ್ತದೆ. 93ಕ್ಕೆ ಬರೆದ ಫೈಲ್ ಹಾಕಿಕೊಂಡು 87 ಸುರಿಯುವವನು ಇಡೀ ದಿನ ಆ ಸೆನ್ಸರಿಗೆ ಓವರ್‌ಟೈಮ್ ಕೊಡುತ್ತಾನೆ. ಅದಕ್ಕಿಂತ ಮೂಲ ಸಾಫ್ಟ್‌ವೇರೇ ಲೇಸು.

ಟ್ಯೂನರ್ ಅಂಗೈಯಲ್ಲೇ ಇರುವುದರ ಚೆಂದ ಇಲ್ಲಿ ಗೊತ್ತಾಗುತ್ತದೆ. ಎಂಜಿನ್ ಶಕ್ತಿ ಅಳೆಯುವ ಡೈನೊ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬರೆದ ಟ್ಯೂನ್ ಎಷ್ಟೇ ಸೊಗಸಾಗಿರಲಿ, ಅದು ಆ ಊರಿನದು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಿದ್ದಿರುವ ಟ್ಯೂನರ್ ನಿಮ್ಮ ಜೊತೆ ಬರುತ್ತದೆ. 87ಕ್ಕೊಂದು, 91ಕ್ಕೊಂದು, 93ಕ್ಕೊಂದು, ಟ್ರೈಲರ್ ಎಳೆಯುವಾಗಿನ ಒಂದು: ಫೈಲುಗಳು ಅದರಲ್ಲೇ ಕಾದಿರುತ್ತವೆ. ಟೆಕ್ಸಾಸ್‌ನಲ್ಲಿ 93 ಸಲೀಸಾಗಿ ಸಿಗುತ್ತದೆ. ಕೊಲರಾಡೋಗೆ ಹೋದರೆ ಬಂಕಿನಲ್ಲಿ ಸಾಮಾನ್ಯದ್ದು 85, ಪ್ರೀಮಿಯಂ ಎಂದರೆ 91. ಅಲ್ಲಿಯ ಮೋಟೆಲಿನ ಅಂಗಳದಲ್ಲೇ ಕೂತು 91ರ ಫೈಲಿಗೆ ಇಳಿದರಾಯಿತು. ಡೆನ್ವರ್‌ನಿಂದ ಐ-70ರಲ್ಲಿ ಪಶ್ಚಿಮಕ್ಕೆ ಏರಿದರೆ ಸುಮಾರು 11,000 ಅಡಿ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗ. ಸಾವಿರ ಅಡಿಗೆ ಸುಮಾರು ಶೇ. 3ರಂತೆ ಲೆಕ್ಕ ಹಾಕಿದರೆ ಟರ್ಬೊ ಇಲ್ಲದ ಎಂಜಿನ್ ಅಲ್ಲಿಗೆ ತಲುಪುವಾಗ ಮೂರರಲ್ಲೊಂದು ಪಾಲು ಶಕ್ತಿ ಕಳಕೊಂಡಿರುತ್ತದೆ. ಯಾವ ಫೈಲೂ ಆ ಗಾಳಿಯನ್ನು ತಂದುಕೊಡಲಾರದು. ಆದರೆ ಟ್ರೈಲರ್ ಫೈಲಿನಲ್ಲಿ ಗೇರ್ ಯಾವಾಗ ಇಳಿಸಬೇಕು, ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ಎಷ್ಟು ಬೇಕು ಎಂಬುದು ಸರಿಯಾಗಿದ್ದರೆ ಇದ್ದ ಶಕ್ತಿಯೇ ಸಾಕೆನಿಸುತ್ತದೆ.

ಫೈಲ್ ಹಾಕುವ ಕೆಲಸವೇ ಒಂದು ಪೂಜಾವಿಧಿ. ಮೊದಲು ಬ್ಯಾಟರಿಗೆ ಚಾರ್ಜರ್ ಕಟ್ಟಬೇಕು. ನಡುವೆ ವೋಲ್ಟೇಜ್ ಬಿದ್ದರೆ ಅರ್ಧ ಬರೆದ ಕಂಪ್ಯೂಟರ್ ಕಲ್ಲಾಗಿ ಕೂರುತ್ತದೆ. ಹೆಡ್‌ಲೈಟ್, ಫ್ಯಾನ್, ಸ್ಟಿರಿಯೋ ಎಲ್ಲ ಆಫ್. ಫೋನ್ ಚಾರ್ಜರ್ ಕೂಡ ಕೀಳಿ. ಕೀ ಆನ್, ಎಂಜಿನ್ ಆಫ್. ಟ್ಯೂನರ್ ಮೊದಲು ಗಾಡಿಯ ವಿಐಎನ್ ಸಂಖ್ಯೆ ಓದುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್ ಇದೆಯೆಂದು ಗುರುತಿಸುತ್ತದೆ, ಮೂಲ ಫೈಲನ್ನು ತನ್ನೊಳಗೆ ಜೋಪಾನ ಮಾಡುತ್ತದೆ. ಬರೆಯಲು ಶುರುವಾದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ನಾನಾ ಎಚ್ಚರಿಕೆಯ ದೀಪಗಳು ಹೊತ್ತಿಕೊಳ್ಳುತ್ತವೆ, ಅರ್ಥವಾಗದ ಸಂದೇಶಗಳು ಬರುತ್ತವೆ. ಪರದೆಯ ಮೇಲೆ ಶೇಕಡಾ ಲೆಕ್ಕ ಮೆಲ್ಲನೆ ಏರುತ್ತದೆ. ಆಗ ಬಾಗಿಲು ತೆಗೆಯುವುದು, ಕಿಟಕಿ ಇಳಿಸುವುದು, ಕೇಬಲ್ ಅಲ್ಲಾಡಿಸುವುದು ಯಾವುದೂ ಬೇಡ. ಕೈ ಕಟ್ಟಿ ಕೂರಿ. ಮುಗಿದ ಮೇಲೆ ಪರದೆ ಹೇಳಿದ ಹಾಗೆ ಕೀ ಆಫ್ ಮಾಡಿ ಆನ್ ಮಾಡಿದರೆ ಎಂಜಿನ್ ಎದ್ದು ಕೊಂಚ ಹೊತ್ತು ತಡವರಿಸುತ್ತದೆ. ಅಷ್ಟು ದಿನ ಕಲಿತಿದ್ದನ್ನೆಲ್ಲ ಅದು ಮರೆತಿರುತ್ತದೆ. ನಿಧಾನಕ್ಕೆ ಒಂದಷ್ಟು ಮೈಲಿ ಓಡಿಸಿದರೆ ಐಡಲ್ ನೆಟ್ಟಗಾಗುತ್ತದೆ.

ಯಾವ ಪೆಟ್ಟಿಗೆ ಕೊಳ್ಳಬೇಕು ಎಂದು ಕೇಳುವವರಿಗೆ ನಾನು ಹೇಳುವುದು, ಪೆಟ್ಟಿಗೆ ಆಮೇಲೆ ನೋಡಿ, ಫೈಲ್ ಬರೆಯುವವರು ಯಾರು ಎಂದು ಮೊದಲು ನೋಡಿ. ಪೆಟ್ಟಿಗೆ ಬರೀ ಅಂಚೆಯಣ್ಣ. ಸೂಪರ್‌ಚಿಪ್ಸ್‌ನ ಫ್ಲ್ಯಾಶ್‌ಪ್ಯಾಕ್, ಡಯಾಬ್ಲೊಸ್ಪೋರ್ಟ್‌ನ ಇನ್‌ಟ್ಯೂನ್, ಎಜ್ ಕಂಪನಿಯ ಎವಲ್ಯೂಷನ್ ಇವುಗಳಲ್ಲಿ ಸಿದ್ಧ ಫೈಲುಗಳು ಬರುತ್ತವೆ. ಹೆಚ್ಚು ತಲೆಕೆಡಿಸಿಕೊಳ್ಳದವರಿಗೆ ಸಾಕು, ಕಂಪನಿಯವರು ಎಚ್ಚರದಿಂದಲೇ ಬರೆದಿರುತ್ತಾರೆ. ಎಸ್‌ಸಿಟಿಯ ಎಕ್ಸ್4ನಲ್ಲೂ ಸಿದ್ಧ ಫೈಲುಗಳಿವೆ. ಅದರ ನಿಜವಾದ ಉಪಯೋಗ ಹೊರಗಿನ ಪರಿಣತರು ನಿಮ್ಮ ಗಾಡಿಗೆಂದೇ ಬರೆದು ಇಮೇಲಿನಲ್ಲಿ ಕಳಿಸುವ ಕಸ್ಟಮ್ ಫೈಲಿಗೆ. ಇಕೊಬೂಸ್ಟ್ ಇರುವವರ ಬಾಯಲ್ಲಿ ಕಾಬ್ ಕಂಪನಿಯ ಆಕ್ಸೆಸ್‌ಪೋರ್ಟ್ ಹೆಸರೂ ಕೇಳುತ್ತದೆ. ರ‍್ಯಾಮ್ ಇಟ್ಟುಕೊಂಡವರ ಪಾಡು ಕಷ್ಟ: 2015ರಿಂದೀಚೆಗೆ ಕ್ರೈಸ್ಲರ್ ತನ್ನ ಎಂಜಿನ್ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದರಿಂದ ಅನ್‌ಲಾಕ್ ಮಾಡಿಸಿದ ಕಂಪ್ಯೂಟರಿಗೂ ದುಡ್ಡು ತೆರಬೇಕು. ವಾರಂಟಿಯ ಭಯವಿದ್ದವರು ಎಜ್‌ನ ಇನ್‌ಸೈಟ್‌ನಂಥ ಬರೀ ನೋಡುವ ಪರದೆ ತೆಗೆದುಕೊಳ್ಳಲಿ. ಅದು ಏನನ್ನೂ ಬರೆಯುವುದಿಲ್ಲ, ಗೇರ್‌ಬಾಕ್ಸ್ ಎಣ್ಣೆಯ ತಾಪ, ಸ್ಪಾರ್ಕ್, ಬೂಸ್ಟ್ ತೋರಿಸುತ್ತದೆ. ಅದರಲ್ಲೂ ರುಚಿ ಕಡಿಮೆಯಿಲ್ಲ. ದೊಡ್ಡ ಟೈರು ಹಾಕಿಸಿ ಸ್ಪೀಡೋಮೀಟರ್ ಸರಿಮಾಡಲಷ್ಟೇ ಟ್ಯೂನರ್ ಬೇಕೆನ್ನುವವರೂ ಇದ್ದಾರೆ. 275/65ಆರ್18 ಟೈರಿನ ಎತ್ತರ ಸುಮಾರು 32 ಇಂಚು. ಅಲ್ಲಿ 35 ಇಂಚಿನದು ಬಂದರೆ ಮುಳ್ಳು 70 ತೋರಿಸುವಾಗ ಗಾಡಿ 76ರಲ್ಲಿ ಹೋಗುತ್ತಿರುತ್ತದೆ, ಪೊಲೀಸರು ನಂಬುವುದು ತಮ್ಮ ರೇಡಾರನ್ನು. ಇದಕ್ಕೆ ಫೋರ್ಡ್‌ನವರಿಗೆ ಲ್ಯಾಪ್‌ಟಾಪಿನಲ್ಲಿ ಫೋರ್‌ಸ್ಕ್ಯಾನ್ ಸಾಫ್ಟ್‌ವೇರ್ ಇದೆ, ಟ್ಯೂನರ್ ಬೇಡವೇ ಬೇಡ.

ಕಸ್ಟಮ್ ಫೈಲಿನ ನಿಜವಾದ ಸುಖ ಡೇಟಾ ಲಾಗ್‌ನಲ್ಲಿದೆ. ಗಾಡಿ ಓಡುವಾಗ ಟ್ಯೂನರ್ ಸೆಕೆಂಡಿಗೆ ಹಲವು ಬಾರಿ ಸೆನ್ಸರುಗಳ ಅಂಕಿ ಬರೆದಿಡುತ್ತದೆ: ಆರ್‌ಪಿಎಂ, ಸ್ಪಾರ್ಕ್ ಎಷ್ಟು ಡಿಗ್ರಿ, ನಾಕ್‌ನಿಂದ ಎಷ್ಟು ಹಿಂದೆ ಸರಿಯಿತು, ಒಳಬರುವ ಗಾಳಿಯ ಬಿಸಿ, ಮಿಶ್ರಣದ ತಿದ್ದುಪಡಿ. ಡೈನೊ ಮೇಲೋ ಖಾಸಗಿ ಟ್ರ್ಯಾಕಿನಲ್ಲೋ ಮೂರನೇ ಗೇರಿನಲ್ಲಿ 2,000ದಿಂದ ಕೆಂಪುಗೆರೆಯವರೆಗೆ ಪೂರ್ತಿ ಎಳೆಸಿ, ಆ ಲಾಗನ್ನು ಫೈಲ್ ಬರೆಯುವವನಿಗೆ ಕಳಿಸಬೇಕು. ಸ್ಪ್ರೆಡ್‌ಶೀಟ್ ತೆರೆದರೆ ಸಾಲುಸಾಲು ಅಂಕಿ. ಮೊದಲ ಸಲ ತಲೆ ತಿರುಗುತ್ತದೆ; ಅಭ್ಯಾಸವಾದ ಮೇಲೆ ಕಣ್ಣು ನೇರ ನಾಕ್‌ನ ಕಂಬಸಾಲಿಗೆ ಓಡುತ್ತದೆ. ಸೊನ್ನೆ, ಸೊನ್ನೆ, ಸೊನ್ನೆ, ನಡುವೇಗದಲ್ಲಿ ಎಲ್ಲೋ ಒಂದೂವರೆ ಡಿಗ್ರಿ, ಮತ್ತೆ ಸೊನ್ನೆ. ಆ ಒಂದೂವರೆ ಡಿಗ್ರಿ ನಿಜವಾದ ನಾಕೋ, ಬೇರೆ ಏನಾದರೂ ಕಂಪನವೋ? ಪಕ್ಕದ ಸಾಲಿನಲ್ಲಿ ಗಾಳಿಯ ಬಿಸಿ ನೋಡು, ಇನ್ನೊಂದು ಲಾಗ್‌ನಲ್ಲಿ ಅದೇ ಆರ್‌ಪಿಎಂಗೆ ಬಂತೇ ನೋಡು. ಬಂದಿದ್ದರೆ ಫೈಲ್ ಬರೆಯುವವನು ಅಷ್ಟೇ ಜಾಗದಲ್ಲಿ ಒಂದು ಡಿಗ್ರಿ ಕಳೆದು ತಿದ್ದಿದ ಫೈಲ್ ಕಳಿಸುತ್ತಾನೆ. ಒಂದು ವಾರದಲ್ಲಿ ಎರಡು ಮೂರು ಸುತ್ತು ಹೀಗೆ ಹೋಗಿಬಂದರೆ ಫೈಲ್ ಆ ಒಂದು ಎಂಜಿನ್ನಿನ ಸ್ವಭಾವಕ್ಕೆ ಒಗ್ಗಿರುತ್ತದೆ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಎಂಜಿನ್ನುಗಳ ಲಾಗ್ ಅಕ್ಷರಶಃ ಒಂದೇ ಆಗಿರುವುದಿಲ್ಲ. ನಿಮ್ಮ ಲಾಗ್ ಕೇಳದೆ ‘ಬೆಸ್ಟ್ ಟ್ಯೂನ್’ ಮಾರುವವರಿಂದ ದೂರವಿರಿ.

ಕಾನೂನಿನ ಮಾತು ಆಡದೆ ಇದನ್ನು ಹೊಗಳುವುದು ಅಪ್ರಾಮಾಣಿಕತೆ. ಹೊಗೆ ಹತೋಟಿಯ ಭಾಗಗಳನ್ನು ಕೆಡಿಸುವ ಯಾವ ಸಾಧನವೂ ಅಮೆರಿಕದ ಶುದ್ಧಗಾಳಿ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಈ ಕಸಬಿಗೆ ಕೆಟ್ಟ ಹೆಸರು ಬಂದದ್ದು ಡೀಸೆಲ್ ಟ್ರಕ್ಕುಗಳಿಂದ. ಮಸಿ ಹಿಡಿಯುವ ಫಿಲ್ಟರನ್ನೇ ಕಿತ್ತೆಸೆದು, ಅದು ಇಲ್ಲವೆಂಬುದು ಕಂಪ್ಯೂಟರಿಗೆ ತಿಳಿಯದ ಹಾಗೆ ಫೈಲ್ ಹಾಕಿ, ಹಿಂದಿನ ಕಾರಿನ ಮೇಲೆ ಕರಿಹೊಗೆ ಉಗುಳುವವರಿದ್ದಾರೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2020ರ ವರದಿಯಲ್ಲಿ ಅದಕ್ಕೆ ಹಿಂದಿನ ದಶಕದಲ್ಲಿ ಹೀಗೆ ಕೆಡಿಸಿದ ಡೀಸೆಲ್ ಪಿಕಪ್‌ಗಳು 5.5 ಲಕ್ಷಕ್ಕೂ ಹೆಚ್ಚೆಂದು ಅಂದಾಜು ಮಾಡಿತು. 2018ರಲ್ಲೇ ಎಸ್‌ಸಿಟಿ ಮತ್ತು ಬುಲ್ಲಿ ಡಾಗ್ ಬ್ರಾಂಡುಗಳ ಒಡೆಯ ಡಿರೈವ್ ಸಿಸ್ಟಮ್ಸ್ ಕಂಪನಿ ಇಪಿಎ ಜೊತೆ ರಾಜಿಗೆ ಬಂದು 3 ಲಕ್ಷ ಡಾಲರ್ ದಂಡ ಕಟ್ಟಲು, ಇಂಥ ಫೈಲುಗಳನ್ನು ನಿಲ್ಲಿಸುವುದಕ್ಕೆ 62.5 ಲಕ್ಷ ಡಾಲರ್ ವ್ಯಯಿಸಲು ಒಪ್ಪಿತು. ಕರಿಹೊಗೆ ಬಿಡುವುದರಲ್ಲಿ ನನಗೆ ರಸ ಕಾಣುವುದಿಲ್ಲ. ಸುಡಬೇಕಾದ ಇಂಧನ ಸುಡದೆ ಹೊರಬಂದರೆ ಅದು ಶಕ್ತಿಯಲ್ಲ, ಕೆಟ್ಟ ಟ್ಯೂನ್.

ಆದ್ದರಿಂದ ಕೊಳ್ಳುವಾಗ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಒಪ್ಪಿಗೆಯ ಗುರುತಾಗಿ ಕೊಡುವ ಇಒ ಸಂಖ್ಯೆ ಇದೆಯೇ ನೋಡಿ. ಆ ರಾಜ್ಯದಲ್ಲಿ ಇಲ್ಲದಿದ್ದರೂ ನೋಡಿ. ಆ ಸಂಖ್ಯೆ ಸಾಮಾನ್ಯವಾಗಿ ಪೆಟ್ಟಿಗೆಯೊಂದಿಗೆ ಬರುವ ಸಿದ್ಧ ಫೈಲುಗಳಿಗೆ. ಹೊರಗಿನಿಂದ ಬರೆಸಿದ ಕಸ್ಟಮ್ ಫೈಲಿಗೆ ಅದರ ರಕ್ಷಣೆ ತಾನಾಗಿ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2021ರ ಜುಲೈನಿಂದ ಹೊಗೆ ತಪಾಸಣೆಯ ವೇಳೆ ಸಾಫ್ಟ್‌ವೇರನ್ನೂ ಪರೀಕ್ಷಿಸುತ್ತಾರೆ. ಮೂಲದ್ದೂ ಅಲ್ಲ, ಇಒ ಪಡೆದದ್ದೂ ಅಲ್ಲ ಎಂದಾದರೆ ಗಾಡಿ ಫೇಲ್. ಟೆಕ್ಸಾಸ್‌ನಲ್ಲಿ 2025ರಿಂದ ಖಾಸಗಿ ಗಾಡಿಗಳ ಸುರಕ್ಷಾ ತಪಾಸಣೆ ನಿಂತಿದೆ, ದೊಡ್ಡ ಊರುಗಳ ಕೌಂಟಿಗಳಲ್ಲಿ ಹೊಗೆ ತಪಾಸಣೆ ಮಾತ್ರ ಉಳಿದಿದೆ. ಫೈಲ್ ಬದಲಿಸಿದ ಮರುದಿನವೇ ಅಲ್ಲಿಗೆ ಹೋದರೂ ಪ್ರಯೋಜನವಿಲ್ಲ. ಕಂಪ್ಯೂಟರಿನ ಸ್ವಯಂಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ ಮುಗಿಯಬೇಕು. ಊರಿನಲ್ಲಿ ಥಾರ್, ಹೈಲಕ್ಸ್ ಇರುವ ಗೆಳೆಯರು ‘ನಮಗೂ ಒಂದು ತರುತ್ತೀಯಾ’ ಎನ್ನುತ್ತಾರೆ. ಅಮೆರಿಕನ್ ಟ್ರಕ್ಕಿಗೆಂದು ಬರೆದ ಪೆಟ್ಟಿಗೆ ಅವಕ್ಕೆ ಹೊಂದುವುದಿಲ್ಲ. ಹೊಂದುವಂಥದ್ದು ಸಿಕ್ಕರೂ, ವಾಹನವನ್ನು ತಯಾರಕರ ಮೂಲ ವಿವರದಿಂದ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ.

ವಾರಂಟಿ ಇರುವ ಗಾಡಿಗೆ ಅವಸರ ಬೇಡ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಗ್ರಾಹಕರ ಪರವಾಗಿದೆ ನಿಜ. ಹೊರಗಿನ ಸಾಮಾನು ಹಾಕಿದ ಒಂದೇ ಕಾರಣಕ್ಕೆ ಡೀಲರ್ ಇಡೀ ವಾರಂಟಿ ತಳ್ಳಿಹಾಕುವ ಹಾಗಿಲ್ಲ. ಆದರೆ ಪಿಸ್ಟನ್ ಕರಗಿದ ಎಂಜಿನ್ನಿಗೂ ಸ್ಪಾರ್ಕ್ ಏರಿಸಿದ ಫೈಲಿಗೂ ಸಂಬಂಧವಿಲ್ಲವೆಂದು ವಾದಿಸಿ ಗೆಲ್ಲುವುದು ಎಷ್ಟು ಜನರಿಂದಾದೀತು?

ನನ್ನ ಸಲಹೆ ಇಷ್ಟು. ಹಳೆಯ ಪ್ಲಗ್, ಕೊಳೆ ಕಟ್ಟಿದ ಏರ್ ಫಿಲ್ಟರ್, ಕಪ್ಪಾದ ಗೇರ್‌ಬಾಕ್ಸ್ ಎಣ್ಣೆ ಇಟ್ಟುಕೊಂಡು ಟ್ಯೂನರ್ ಕೊಳ್ಳಬೇಡಿ. ಮೊದಲು ಅವನ್ನು ಬದಲಿಸಿ ಒಂದು ತಿಂಗಳು ಓಡಿಸಿ ನೋಡಿ, ಎಷ್ಟೋ ಜನರಿಗೆ ಅಷ್ಟರಲ್ಲೇ ಸಮಾಧಾನವಾಗುತ್ತದೆ. ಆಮೇಲೂ ಕಾಲಿಗೆ ಕೊರತೆ ಕಂಡರೆ ಕೊಳ್ಳಿ, ಆಗಲೂ 87ರ ಫೈಲಿನಿಂದ ಶುರುಮಾಡಿ. ಸರ್ವಿಸಿಗೆ ಬಿಡುವ ಮುನ್ನ ಮೂಲ ಫೈಲ್ ವಾಪಸ್ ಹಾಕಿ. ಡೀಲರ್ ಹೊಸ ಅಪ್‌ಡೇಟ್ ಹಾಕಿಬಿಟ್ಟರೆ ಟ್ಯೂನರಿನೊಳಗಿರುವ ಹಳೆಯ ಪ್ರತಿಗೂ ಗಾಡಿಗೂ ತಾಳೆಯಾಗುವುದಿಲ್ಲ. ಗಾಡಿ ಮಾರುವಾಗಲೂ ಅಷ್ಟೇ. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಒಂದು ಸಲಕ್ಕೆ ಒಂದೇ ವಿಐಎನ್‌ಗೆ ಗಂಟುಬಿದ್ದಿರುತ್ತವೆ. ಮೂಲ ಫೈಲ್ ಹಿಂದಿರುಗಿಸದೆ ಗಾಡಿಯನ್ನು ಕೈಬಿಟ್ಟರೆ ಅದು ನಿಮ್ಮ ಮುಂದಿನ ಟ್ರಕ್ಕಿಗೆ ಕೆಲಸ ಮಾಡುವುದಿಲ್ಲ.